ತೋಟಕ್ಕೆ ಪಿಕಪ್ ತಗೊಂಡಿದ್ದು: ಹತ್ತೋದು ಬಿಡಿ, ಇಳಿಯೋದು ನೋಡಿ

ನಮ್ಮದು ಕೊಪ್ಪ ಕಡೆ ಅಡಿಕೆ ತೋಟ, ಜೊತೆಗೆ ಒಂಚೂರು ಕಾಫಿ. ಮನೆ ಮೇಲೆ, ತೋಟ ಕೆಳಗೆ, ಮಧ್ಯ ಮಣ್ಣು ರಸ್ತೆ, ಮಳೆ ಹಿಡೀತು ಅಂದ್ರೆ ಹಾವಸೆ ಕಟ್ಟಿ ನಡ್ಕೊಂಡು ಹೋಗೋರೇ ಜಾರ್ತಾರೆ. ಅಪ್ಪಯ್ಯನ ಕಾಲದ ಜೀಪು, ಅದ್ರ ಹಿಂದೊಂದು ಸಣ್ಣ ಟ್ರೈಲರ್, ಅಷ್ಟ್ರಲ್ಲೇ ಗೊಬ್ಬರ ಕಟ್ಟಿಗೆ ಅಡಿಕೆ ಗೊನೆ ಎಲ್ಲಾ ಸಾಗ್ತಿತ್ತು. ಜೀಪಿಗೆ ವಯಸ್ಸಾಯ್ತು, ಟ್ರೈಲರ್ ಮಾತ್ರ ಇನ್ನೂ ಗಟ್ಟಿಮುಟ್ಟಾಗಿದೆ, ಹಾಗಾಗಿ ಅದನ್ನೂ ಎಳೀಬೇಕು ಅಂತ ಪಿಕಪ್ ಹುಡುಕಿದ್ದು.

ಎಲ್ರೂ ಕೇಳೋದು ಎಷ್ಟು ಎಚ್‌ಪಿ ಅಂತ. ನಮ್ಮ ಕೆಲಸಕ್ಕೆ ಅದು ಆಮೇಲಿನ ಮಾತು ಮಾರಾಯ್ರೆ. ಉಬ್ಬು ಹತ್ತಲಿಲ್ಲ ಅಂದ್ರೆ ಗಾಡಿ ನಿಲ್ಲತ್ತೆ ಅಷ್ಟೆ, ಎರಡು ಚೀಲ ಇಳಿಸಿದ್ರಾಯ್ತು. ಇಳಿಯೋವಾಗ ಹಂಗಲ್ಲ, ಟ್ರೈಲರಿಗೆ ಅದರದ್ದೇ ಬ್ರೇಕ್ ಇರಲ್ಲ, ಅದು ಹಿಂದಿಂದ ದೂಡ್ತಾ ಇರತ್ತೆ, ಜಾರೋ ಮಣ್ಣಲ್ಲಿ ಬ್ರೇಕ್ ಒತ್ತಿದ್ರೆ ಚಕ್ರ ನಿಲ್ಲತ್ತೆ ಗಾಡಿ ನಿಲ್ಲಲ್ಲ, ಟ್ರೈಲರ್ ಪಕ್ಕಕ್ಕೆ ತಿರುಗಿ ದರೆಗೆ ಹೋಗಿ ಕೂರತ್ತೆ. ಅಲ್ಲಿ ಕಾಪಾಡೋದು ಫೋರ್ ವೀಲ್ ಲೋ (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಕೊಟ್ಟು ಗಾಡಿನ ತುಂಬಾ ನಿಧಾನಕ್ಕೆ ಓಡಿಸೋ ಗೇರು), ಅದ್ರಲ್ಲೂ ಫಸ್ಟ್ ಗೇರು. ಕ್ಲಚ್ ಮೇಲಿಂದ ಕಾಲು ತೆಗೆದು ಬಿಟ್ರೆ ಎಂಜಿನ್ನೇ ನಾಲ್ಕೂ ಚಕ್ರನ ಹಿಡ್ಕೊಂಡು ನಿಧಾನಕ್ಕೆ ಇಳಿಸತ್ತೆ. ಹಾಗಾಗಿ ಲೋ ಗೇರಿಲ್ಲದ ಗಾಡಿಗಳನ್ನೆಲ್ಲ ನಾನು ಮೊದಲೇ ಬಿಟ್ಟೆ. ಇಸುಜು ಎಸ್-ಕ್ಯಾಬ್ ಓಡಿಸೋಕೆ ಚೆನ್ನಾಗಿದೆ, ಕೂತ್ರೆ ಕಾರಿನ ಹಂಗೇ ಇದೆ, ಆದ್ರೆ ಅದು ಟೂ ವೀಲ್ ಡ್ರೈವ್.

ಹಾಗಿದ್ರೆ ಟೊಯೊಟಾ ಹೈಲಕ್ಸ್, ಇಸುಜು ವಿ-ಕ್ರಾಸ್ ಯಾಕಿಲ್ಲ ಅಂತ ತಮ್ಮ ಜಗಳಕ್ಕೇ ಬಂದ. ಹೈಲಕ್ಸ್ 2022ರಲ್ಲಿ ಇಲ್ಲಿಗೆ ಬಂದಾಗಲೇ ಶೋರೂಮ್ ಬೆಲೆ 33.99 ಲಕ್ಷದಿಂದ ಶುರು, 204 ಎಚ್‌ಪಿ, ಗಾಡಿ ಬಗ್ಗೆ ಎರಡು ಮಾತಿಲ್ಲ. ಆದ್ರೆ ಈ ಬಿಳಿ ಬೋರ್ಡ್ (ಸ್ವಂತ ಬಳಕೆಯ) ಪಿಕಪ್‌ಗಳಿಗೆ ಹಿಂದೆ ಹೊರೋಕೆ ಕೊಟ್ಟಿರೋ ತೂಕ ಅರ್ಧ ಟನ್ನಿಗಿಂತ ಕಮ್ಮಿ. ಪೊಟ್ಯಾಶ್ ಚೀಲ 50 ಕೆಜಿ, ಹತ್ತು ಹೇರಿದ್ರೆ ಅಲ್ಲಿಗೆ ಮುಗೀತು. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯೋ ಸಮಯದಲ್ಲಂತೂ ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ ಒಂದು ಕೆಜಿ ಸುಣ್ಣದ ಲೆಕ್ಕದಲ್ಲಿ ಡ್ರಮ್ಮುಗಟ್ಟಲೆ ಸಾಗಿಸ್ಬೇಕು, ಸಾವಿರ ಲೀಟರ್ ಅಂದ್ರೆ ಬರೀ ನೀರೇ ಒಂದು ಟನ್.

ಕೊನೆಗೆ ತಗೊಂಡಿದ್ದು ಬೊಲೆರೊ ಕ್ಯಾಂಪರ್ ಫೋರ್ ವೀಲ್ ಡ್ರೈವ್. ಎರಡು ಸಾಲು ಸೀಟು ಇರೋದ್ರಿಂದ ಕೊನೆಗಾರರು (ಮರ ಹತ್ತಿ ಅಡಿಕೆ ಗೊನೆ ಕೊಯ್ಯೋರು), ಆಳುಗಳು ಒಳಗೇ ಕೂರ್ತಾರೆ, ಹಿಂದೆ ಸಾಮಾನಿನ ಮೇಲೆ ಜನ ಕೂರಿಸೋ ತಲೆನೋವಿಲ್ಲ (ಹಂಗೆ ಕೂರಿಸಿ ಏನಾದ್ರೂ ಆದ್ರೆ ಇನ್ಶೂರೆನ್ಸ್‌ನೋರು ಸುಲಭಕ್ಕೆ ಒಪ್ಪಲ್ಲ). ಇದು ಹಳದಿ ಬೋರ್ಡು (ಸರಕಿನ ಗಾಡಿ), ಮೊದಲ ಎಂಟು ವರ್ಷ ಎರಡು ವರ್ಷಕ್ಕೊಂದ್ಸಲ ಎಫ್‌ಸಿ (ಗಾಡಿ ಓಡಿಸೋಕೆ ಯೋಗ್ಯ ಅನ್ನೋ ಸರ್ಟಿಫಿಕೇಟ್), ಆಮೇಲೆ ಪ್ರತಿ ವರ್ಷ. ಲೈಸೆನ್ಸಿನ ಬಗ್ಗೆ ಅಪ್ಪಯ್ಯನಿಗೆ ಅನುಮಾನ ಇತ್ತು, 7500 ಕೆಜಿ ಒಳಗಿನ ಗೂಡ್ಸ್ ಗಾಡಿಗೆ ಎಲ್‌ಎಂವಿ (ಕಾರು ಓಡಿಸೋ) ಲೈಸೆನ್ಸ್ ಸಾಕು ಅಂತ 2024ರ ನವೆಂಬರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠನೇ ಹೇಳಿದೆ. ಖಾಲಿ ಇದ್ದಾಗ ಹಿಂದಿನ ಪಟ್ಟೆ ಸ್ಪ್ರಿಂಗು ಕುಣಿಯತ್ತೆ, ಬೆನ್ನಿಗೆ ಸುಖ ಇಲ್ಲ, ಅಮ್ಮ ಶಿವಮೊಗ್ಗಕ್ಕೆ ಅದ್ರಲ್ಲಿ ಬರಲ್ಲ ಅಂತ ಹೇಳಿಬಿಟ್ಟಿದಾಳೆ.

ಟ್ರೈಲರ್ ಕೊಂಡಿ ಹಾಕಿಸೋವಾಗ ವೆಲ್ಡಿಂಗ್‌ನೋರು ಬಂಪರಿಗೇ ಹಚ್ತೀನಿ ಅಂತಾರೆ, ಬಿಡಬೇಡಿ, ಚಾಸಿಗೇ ಬೋಲ್ಟ್ ಹಾಕಿಸಿ, ಪಿನ್ನಿನ ಜೊತೆ ಒಂದು ಚೈನೂ ಇರ್ಲಿ. ತೂಕ ಹೇರೋವಾಗ ಟ್ರೈಲರಿನ ಆಕ್ಸಲಿಂದ ಸ್ವಲ್ಪ ಮುಂದಕ್ಕೆ ಬರಬೇಕು, ಒಟ್ಟು ತೂಕದ ಹತ್ತನೇ ಒಂದು ಪಾಲು ಕೊಂಡಿ ಮೇಲೆ ಕೂತ್ರೆ ಸರಿ. ಹಿಂದಕ್ಕೆ ಜಾಸ್ತಿ ಆಯ್ತೋ, ಟಾರ್ ರೋಡಲ್ಲಿ ಬಾಲ ಅಲ್ಲಾಡಿಸೋಕೆ ಶುರು ಮಾಡತ್ತೆ. ನೀರಿನ ಟ್ಯಾಂಕ್ ತುಂಬಿಸಿ, ಇಲ್ಲಾ ಖಾಲಿ ಒಯ್ಯಿರಿ, ಅರ್ಧ ಇದ್ರೆ ನೀರು ತುಳುಕಿ ತಿರುವಲ್ಲಿ ಗಾಡಿನೇ ಎಳೆಯತ್ತೆ. ರಸ್ತೆಗೆ ತರೋದಾದ್ರೆ ಟ್ರೈಲರಿಗೆ ಬೇರೆ ರಿಜಿಸ್ಟ್ರೇಶನ್, ಇನ್ಶೂರೆನ್ಸ್ ಬೇಕು, ನಾನು ತೋಟದೊಳಗೇ ಬಳಸ್ತೀನಿ. ಮೈಲುತುತ್ತ ಕಬ್ಬಿಣ ತಿನ್ನತ್ತೆ, ಅದಕ್ಕೆ ಡೆಕ್ಕಿಗೆ ರಬ್ಬರ್ ಹಾಸಿ ಪ್ಲಾಸ್ಟಿಕ್ ಡ್ರಮ್ ಮಾತ್ರ ಇಡೋದು, ಸಂಜೆ ತೊಳೆಯೋದು.

ಸೆಕೆಂಡ್ ಹ್ಯಾಂಡ್ ನೋಡೋರು ಫೋರ್ ವೀಲ್ ಹಾಕಿಸಿ ಮಣ್ಣಲ್ಲೇ ಓಡಿಸಿ ನೋಡಿ. ಒಣ ಟಾರಲ್ಲಿ ಫೋರ್ ವೀಲ್ ಹಾಕ್ಕೊಂಡು ತಿರುಗಿಸಿದ್ರೆ ಗೇರ್‌ಗಳಿಗೇ ಪೆಟ್ಟು. ಲೋಗೆ ಹಾಕಿ, ಲೋಡ್ ಇಟ್ಟು, ಇಳಿಜಾರಲ್ಲಿ ಬ್ರೇಕ್ ಮುಟ್ಟದೆ ಬಿಡಿ, ಗೇರ್ ತಾನಾಗೇ ಹಾರಿ ನ್ಯೂಟ್ರಲ್‌ಗೆ ಬಂದ್ರೆ ಆ ಗಾಡಿ ಎಷ್ಟೇ ಕಮ್ಮಿಗೆ ಸಿಕ್ರೂ ಬೇಡ.