ಒಣಕೊಂಬೆ ಕಡಿಸಬೇಡಿ, ಮರಕುಟಿಗ ಬರಲಿ

ಮನೆ ಹತ್ತಿರ ಮರಕುಟಿಗ ಬರಬೇಕು ಅಂತ ಆಸೆಪಡುವವರು ಬೆಂಗಳೂರಿನಲ್ಲಿ ಈಗ ಜಾಸ್ತಿ. ಸಂತೋಷದ ವಿಷಯ. ಆದರೆ ಹೆಚ್ಚಿನವರು ಮೊದಲು ಮಾಡುವ ಕೆಲಸ, ಆನ್‌ಲೈನ್‌ನಲ್ಲಿ ಹಕ್ಕಿಗೆ ಊಟ ಇಡುವ ಒಂದು ಫೀಡರ್ ತರಿಸುವುದು. ಆಮೇಲೆ ಮಳೆಗಾಲಕ್ಕೆ ಮುಂಚೆ ಆಳು ಕರೆಸಿ, ಕಾಂಪೌಂಡಿನ ಮರದ ಒಣಕೊಂಬೆಗಳನ್ನೆಲ್ಲ ಬುಡಕ್ಕೇ ಕಡಿಸುವುದು. ಮೊದಲನೆಯದರಿಂದ ದುಡ್ಡು ದಂಡ. ಎರಡನೆಯದರಿಂದ ಹಕ್ಕಿಯ ಊಟವೂ ಹೋಯಿತು, ಮನೆಯೂ ಹೋಯಿತು. ನಮ್ಮ ಬಡಾವಣೆಯಲ್ಲಿ ಇದು ಪ್ರತಿ ಬೇಸಿಗೆಯಲ್ಲೂ ನಡೆಯುತ್ತದೆ. ನೋಡಿ ನೋಡಿ ಸಂಕಟವಾಗಿ ಇದನ್ನು ಬರೆಯುತ್ತಿದ್ದೇನೆ.

1. ಯಾವ ಹಕ್ಕಿ ಅಂತ ಮೊದಲು ತಿಳಿದುಕೊಳ್ಳಿ

ನಗರದ ಒಳಗೆ ನಿಮಗೆ ಸಿಗುವುದು ಮುಖ್ಯವಾಗಿ ಹೊಂಬೆನ್ನಿನ ಮರಕುಟಿಗ. ಮೈನಾಗಿಂತ ಸ್ವಲ್ಪ ದೊಡ್ಡದು, ಕೊಕ್ಕಿನಿಂದ ಬಾಲದ ತುದಿಗೆ 26ರಿಂದ 29 ಸೆಂಟಿಮೀಟರ್. ಬೆನ್ನು ಹೊಳೆಯುವ ಚಿನ್ನದ ಬಣ್ಣ, ಬಾಲದ ಮೇಲ್ಭಾಗ ಕಪ್ಪು, ಕಪ್ಪು ಗಂಟಲ ಮೇಲೆ ಬಿಳಿ ಚುಕ್ಕೆ. ಗಂಡಿಗೆ ಹಣೆಯಿಂದ ಜುಟ್ಟಿನವರೆಗೆ ಪೂರ್ತಿ ಕೆಂಪು. ಹೆಣ್ಣಿಗೆ ಹಣೆ ಕಪ್ಪು, ಅದರಲ್ಲಿ ಬಿಳಿ ಚುಕ್ಕೆ, ಕೆಂಪು ಹಿಂದಿನ ಜುಟ್ಟಿನಲ್ಲಿ ಮಾತ್ರ. ಲಾಲ್‌ಬಾಗ್, ಕಬ್ಬನ್ ಪಾರ್ಕ್, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಕಡೆ ಹೋದರೆ ಸುಲಭವಾಗಿ ಕಾಣುತ್ತದೆ. ಹಳೆಯ ಮರಗಳಿರುವ ಜಯನಗರ, ಮಲ್ಲೇಶ್ವರದ ಬೀದಿಗಳಲ್ಲೂ ಇದೆ.

ಗುಬ್ಬಚ್ಚಿ ಗಾತ್ರದ, ಕಂದು ನೆತ್ತಿಯ ಪುಟ್ಟ ಮರಕುಟಿಗವೂ ಒಂದಿದೆ. ತೆಳು ರೆಂಬೆಗಳ ಮೇಲೆ ಸದ್ದಿಲ್ಲದೆ ಓಡಾಡುವುದರಿಂದ ಕಣ್ಣಿಗೆ ಬೀಳುವುದು ಕಡಿಮೆ. ಹಳದಿ ನೆತ್ತಿಯ ಮರಕುಟಿಗ ಬೇಕೆಂದರೆ ಊರ ಹೊರಗಿನ ಕುರುಚಲು ಕಾಡಿನ ಕಡೆ ಹೋಗಬೇಕು.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಮಧ್ಯಾಹ್ನದ ಬಿಸಿಲಿನಲ್ಲಿ ‘ಟುಕ್ ಟುಕ್ ಟುಕ್’ ಅಂತ ಒಂದೇ ಸಮ ಕೇಳುತ್ತದಲ್ಲ, ಅದು ಮರಕುಟಿಗ ಮರ ಕುಟ್ಟುವ ಸದ್ದಲ್ಲ. ಅದು ಕಂಚುಗಾರ ಹಕ್ಕಿಯ ಕೂಗು. ‘ಕುಟ್ರೂ ಕುಟ್ರೂ’ ಅಂತ ಬೀದಿಯೆಲ್ಲ ತುಂಬುವುದು ಕುಟುರ ಹಕ್ಕಿ. ಇವೆರಡೂ ಒಣಮರದಲ್ಲೇ ಗೂಡು ಕೊರೆಯುತ್ತವೆ, ಆದ್ದರಿಂದ ಜನ ಇವನ್ನೂ ಮರಕುಟಿಗ ಅಂದುಬಿಡುತ್ತಾರೆ. ಹಕ್ಕಿ ಕೊಂಬೆಯ ಮೇಲೆ ಅಡ್ಡಡ್ಡ ಕೂತು ಹಣ್ಣು ತಿನ್ನುತ್ತಿದ್ದರೆ ಅದು ಕುಟುರವೋ ಕಂಚುಗಾರವೋ. ಕಾಂಡಕ್ಕೆ ನೆಟ್ಟಗೆ ಅಂಟಿಕೊಂಡು ಮೇಲಕ್ಕೆ ಹತ್ತುತ್ತಿದ್ದರೆ ಮರಕುಟಿಗ.

2. ಕಣ್ಣಿಗಿಂತ ಮುಂಚೆ ಕಿವಿ

ಬೆಳಗ್ಗೆ ಆರೂವರೆಯಿಂದ ಒಂಬತ್ತರೊಳಗೆ ಮನೆ ಮುಂದೆ ಸುಮ್ನೆ ನಿಲ್ಲಿ. ‘ಕಿಕಿಕಿಕಿಕಿ’ ಅಂತ ಗಟ್ಟಿಯಾಗಿ, ನಕ್ಕಂತೆ ಒಂದು ಕೂಗು ಬರುತ್ತದೆ. ಹಾರುತ್ತಾ ಕೂಗುವುದೇ ಹೆಚ್ಚು. ಹಾರಾಟ ನೇರವಾಗಿರುವುದಿಲ್ಲ. ನಾಲ್ಕು ಸಲ ರೆಕ್ಕೆ ಬಡಿಯುತ್ತದೆ, ರೆಕ್ಕೆ ಮುಚ್ಚಿ ಸ್ವಲ್ಪ ಕೆಳಗಿಳಿಯುತ್ತದೆ, ಮತ್ತೆ ಏರುತ್ತದೆ.

ಹಕ್ಕಿ ಕೂತ ಮೇಲೆ ಓಡಿಹೋಗಬೇಡಿ. ನಿಮ್ಮನ್ನು ಕಂಡ ತಕ್ಷಣ ಅದು ಕಾಂಡದ ಆಚೆ ಬದಿಗೆ ಸರಿದುಬಿಡುತ್ತದೆ. ನೀವು ಸುತ್ತು ಹಾಕಿದರೆ ಅದೂ ಸುತ್ತು ಹಾಕುತ್ತದೆ. ಇದ್ದಲ್ಲೇ ನಿಂತರೆ ಅದೇ ಈಚೆಗೆ ಬರುತ್ತದೆ. ಮರದ ಕೆಳಗಿನಿಂದ ಶುರುಮಾಡಿ ಮೇಲಕ್ಕೆ ಹೋಗಿ, ಮುಗಿದ ಮೇಲೆ ಪಕ್ಕದ ಮರದ ಕೆಳಭಾಗಕ್ಕೆ ಹಾರುವುದು ಅದರ ಕ್ರಮ. ಹಾಗಾಗಿ ತಪ್ಪಿಹೋಯಿತು ಅನಿಸಿದಾಗ ಮುಂದಿನ ಮರದ ತುದಿ ಹುಡುಕಬೇಡಿ, ಕೆಳಗಿನ ಕಾಂಡ ನೋಡಿ.

ಹತ್ತಿರದಿಂದ ನೋಡಲು ಸಿಕ್ಕಿದರೆ ಬಾಲ ಗಮನಿಸಿ. ಗಡಸು ಗರಿಗಳನ್ನು ಮರಕ್ಕೆ ಒತ್ತಿ ಊರುಗೋಲಿನಂತೆ ಊರಿಕೊಂಡಿರುತ್ತದೆ. ಕಾಲಿನಲ್ಲಿ ಎರಡು ಬೆರಳು ಮುಂದಕ್ಕೆ, ಉಳಿದವು ಹಿಂದಕ್ಕೆ. ಕೊಕ್ಕಿನಿಂದ ಎರಡು ಸಲ ತಟ್ಟುತ್ತದೆ, ತಲೆ ಓರೆ ಮಾಡಿ ನಿಲ್ಲುತ್ತದೆ, ಇನ್ನೊಂದು ಅಂಗುಲ ಮೇಲೆ ಹೋಗಿ ಮತ್ತೆ ತಟ್ಟುತ್ತದೆ. ಒಂದು ಕಡೆ ಮಾತ್ರ ಬಿಡದೆ ಕುಟ್ಟಲು ಶುರುಮಾಡುತ್ತದೆ. ತೊಗಟೆಯ ಚೂರು ಕೆಳಗೆ ಉದುರುತ್ತದೆ. ಆಮೇಲೆ ಕೊಕ್ಕು ಆಡುವುದು ನಿಂತು ನಾಲಿಗೆ ಒಳಗೆ ಹೋಗುತ್ತದೆ. ಆ ಉದ್ದ ನಾಲಿಗೆಗೆ ಆಧಾರವಾದ ಮೂಳೆ ತಲೆಬುರುಡೆಯ ಹಿಂದಿನಿಂದ ಸುತ್ತಿ ಬಂದಿರುತ್ತದೆ.

ಬೈನಾಕ್ಯುಲರ್ ಬೇಕೆಂದರೆ 8x42 ತೆಗೆದುಕೊಳ್ಳಿ. ಅಂದರೆ ಎಂಟು ಪಟ್ಟು ದೊಡ್ಡದಾಗಿ ಕಾಣುತ್ತದೆ, ಮುಂದಿನ ಗಾಜು 42 ಮಿಲಿಮೀಟರ್. ಗಾಜಿಗೆ ಕೆಂಪು ಲೇಪ ಇರುವ, ಅಗ್ಗಕ್ಕೆ ಸಿಗುವ ‘ರೂಬಿ’ ಬೈನಾಕ್ಯುಲರ್ ದಯವಿಟ್ಟು ಕೊಳ್ಳಬೇಡಿ. ಆ ಲೇಪ ಕೆಂಪು ಬೆಳಕನ್ನೇ ಹೊರಗೆ ತಳ್ಳುತ್ತದೆ. ಕೆಂಪು ಜುಟ್ಟು ನೋಡಲು ಹೋಗಿ ಕೆಂಪನ್ನೇ ಕಳೆದುಕೊಂಡರೆ ಹೇಗೆ? ಜೂಮ್ ಇರುವುದೂ ಬೇಡ. ಕೂಗು ಗುರುತಿಸಲು ಮೊಬೈಲ್‌ನಲ್ಲಿ ಮರ್ಲಿನ್ ಆ್ಯಪ್ ಉಚಿತವಾಗಿ ಸಿಗುತ್ತದೆ. ಆದರೆ ಟ್ರಾಫಿಕ್ ಸದ್ದಿನ ನಡುವೆ ಅದು ಹೇಳಿದ್ದನ್ನೆಲ್ಲ ನಂಬದೆ, ಕಣ್ಣಿನಿಂದ ಖಚಿತ ಮಾಡಿಕೊಳ್ಳಿ.

3. ಮದ್ದು ಹೊಡೆಯುವುದನ್ನು ನಿಲ್ಲಿಸಿ

ಹೊಂಬೆನ್ನಿನ ಮರಕುಟಿಗದ ಊಟ ಇರುವೆ, ಗೆದ್ದಲು, ತೊಗಟೆಯೊಳಗಿನ ಹುಳ. ಕಾಂಡದ ಸುತ್ತ ಇರುವೆ ಚಾಕ್ ಗೀಚಬೇಡಿ, ಬುಡಕ್ಕೆ ಗೆದ್ದಲಿನ ಮದ್ದು ಸುರಿಯಬೇಡಿ. ನುಗ್ಗೆಮರಕ್ಕೆ ಕಂಬಳಿಹುಳು ಬಂದರೆ ಇಡೀ ಮರ ಕಡಿಯುವ ಬದಲು ಹುಳು ಗುಂಪಾಗಿರುವ ಭಾಗ ಮಾತ್ರ ತೆಗೆಸಿ.

4. ಒಣಕೊಂಬೆ ಉಳಿಸುವುದು: ಎಲ್ಲರೂ ಎಡವುವುದು ಇಲ್ಲೇ

ಒಣಗಿದ ಮರ ಅಂದರೆ ಸತ್ತ ಮರ, ಕೆಲಸಕ್ಕೆ ಬಾರದ್ದು ಅನ್ನುವ ಲೆಕ್ಕ ನಮ್ಮದು. ಮರಕುಟಿಗಕ್ಕೆ ಅದೇ ಅಡುಗೆಮನೆ, ಅದೇ ಬಾಣಂತಿಕೋಣೆ. ಹಸಿಮರವನ್ನು ಕೊರೆದು ಗೂಡು ಮಾಡುವುದು ಕಷ್ಟ. ಒಳಗೆ ಮೆತ್ತಗಾದ, ಹೊರಗೆ ಇನ್ನೂ ಗಟ್ಟಿ ಇರುವ ಒಣಮರವೇ ಬೇಕು. ಮರಕುಟಿಗ ಬಂದು ಮರ ಸಾಯಿಸಿತು ಅಂತ ಕೆಲವರು ಹೇಳುತ್ತಾರೆ, ಅದು ತಿರುವುಮುರುವು. ಮರಕ್ಕೆ ಹುಳ ಹಿಡಿದ ಮೇಲೆ ಹಕ್ಕಿ ಬರುವುದು.

ಹಾಗಂತ ಎಲ್ಲ ಒಣಕೊಂಬೆಯನ್ನೂ ಬಿಡಿ ಅಂತ ನಾನು ಹೇಳುವುದಿಲ್ಲ. ಬೆಂಗಳೂರಿನಲ್ಲಿ ಏಪ್ರಿಲ್, ಮೇ ತಿಂಗಳ ಗಾಳಿಮಳೆಗೆ ಗುಲ್‌ಮೊಹರ್, ಮಳೆಮರಗಳು ಹೇಗೆ ಮುರಿದು ಬೀಳುತ್ತವೆ ಅಂತ ಎಲ್ಲರಿಗೂ ಗೊತ್ತು. ಕೆಳಗೆ ಕಾರು ನಿಲ್ಲುತ್ತದೆಯೇ, ಮಕ್ಕಳು ಓಡಾಡುತ್ತಾರೆಯೇ, ಕರೆಂಟಿನ ತಂತಿ ಹಾದುಹೋಗಿದೆಯೇ ಅಂತ ಮೊದಲು ನೋಡಿ. ಹೌದು ಅಂತಾದರೆ ಕೊಂಬೆಯನ್ನು ಗಿಡ್ಡ ಮಾಡಿಸಿ. ಪೂರ್ತಿ ತೆಗೆಸಬೇಡಿ. ಗಾಳಿಗೆ ಸಿಕ್ಕಿ ಮುರಿಯುವುದು ಕೊಂಬೆಯ ಉದ್ದದಿಂದ. ಕಾಂಡದಿಂದ ಮೂರು ನಾಲ್ಕು ಅಡಿ ಉಳಿಸಿದರೆ ಭಾರ ಇಳಿಯುತ್ತದೆ, ಹಕ್ಕಿಗೂ ಸಾಕಾಗುತ್ತದೆ. ದಪ್ಪ ಮಾತ್ರ ಮುಖ್ಯ. ಹೊಂಬೆನ್ನಿನ ಮರಕುಟಿಗ ಗೂಡು ಕೊರೆಯಲು ಕನಿಷ್ಠ ಆರು ಅಂಗುಲದ ಕೊಂಬೆ ಉಳಿಸಿ. ಅದಕ್ಕಿಂತ ತೆಳುವಾದದ್ದು ಕಂಚುಗಾರಕ್ಕೆ ಆಗುತ್ತದೆ.

ಈ ಹಸಿ-ಒಣ ವ್ಯತ್ಯಾಸ ಆಳುಗಳಿಗೆ ಬಿಡಿಸಿ ಹೇಳಬೇಕು. ಹಸಿಕೊಂಬೆ ತೆಗೆಯುವಾಗ ಮೋಟು ಬಿಡಬಾರದು, ಕಾಂಡದ ಹತ್ತಿರ ಉಬ್ಬಿದ ಜಾಗದ ಹೊರಗೆ ಕೊಯ್ದರೆ ಗಾಯ ಮುಚ್ಚಿಕೊಳ್ಳುತ್ತದೆ. ಒಣಕೊಂಬೆಗೆ ಮೋಟು ಬಿಡಲೇಬೇಕು. ಕೊಯ್ಯುವಾಗ ಮಚ್ಚು ಬೇಡ, ಗರಗಸ. ಮೊದಲು ಕೆಳಗಿನಿಂದ ಮೂರನೇ ಒಂದು ಭಾಗ, ಆಮೇಲೆ ಸ್ವಲ್ಪ ಆಚೆಗೆ ಮೇಲಿನಿಂದ. ಹಾಗೆ ಮಾಡಿದರೆ ಕೊಂಬೆ ಬೀಳುವಾಗ ತೊಗಟೆ ಸೀಳಿಕೊಂಡು ಕಾಂಡದವರೆಗೆ ಬರುವುದಿಲ್ಲ. ಎಲ್ಲಿ ಕೊಯ್ಯಬೇಕೋ ಅಲ್ಲಿಗೆ ಬಣ್ಣದ ಹಗ್ಗ ಕಟ್ಟಿಸಿ. ಬಾಯಲ್ಲಿ ಹೇಳಿದರೆ ಮರ ಹತ್ತಿದವರಿಗೆ ಅಂದಾಜು ಸಿಗುವುದಿಲ್ಲ.

ಇನ್ನೊಂದು ಮಾತು ಮುಂಚೆಯೇ ಆಡಿಕೊಳ್ಳಿ. ಮರ ಕಡಿಯುವವರು ಎಷ್ಟೋ ಸಲ ಕಟ್ಟಿಗೆಯನ್ನೂ ಕೂಲಿಯ ಲೆಕ್ಕಕ್ಕೆ ಸೇರಿಸಿರುತ್ತಾರೆ. ಒಣಗಿದ ದಪ್ಪ ಕೊಂಬೆಯೇ ಅವರಿಗೆ ಒಳ್ಳೆಯ ಸೌದೆ. ಅದನ್ನು ಬಿಟ್ಟುಹೋಗಿ ಅಂದರೆ ಅವರ ದುಡ್ಡು ಕಡಿಮೆಯಾಗುತ್ತದೆ. ಕೂಲಿ ಸ್ವಲ್ಪ ಜಾಸ್ತಿ ಕೊಡಿ, ಕೆಲಸ ಮುಗಿಯುವವರೆಗೆ ಕೆಳಗೆ ನಿಂತಿರಿ. ‘ಮೊಟಕು ಮಾಡಿ ಅಂದಿದ್ದೆ, ಪೂರ್ತಿ ತೆಗೆದುಬಿಟ್ಟರು’ ಅನ್ನುವ ದೂರು ನಾನು ಬಹಳ ಮನೆಗಳಲ್ಲಿ ಕೇಳಿದ್ದೇನೆ. ಅವರೆಲ್ಲ ಕಾಫಿ ಕುಡಿಯಲು ಒಳಗೆ ಹೋದಾಗಲೇ ಅದು ನಡೆದಿರುತ್ತದೆ.

ಇಡೀ ಮರವೇ ಒಣಗಿದ್ದರೆ ಬುಡ ಪರೀಕ್ಷಿಸಿ. ಬುಡದಲ್ಲಿ ಅಣಬೆ ಎದ್ದಿದೆಯೇ, ಮಣ್ಣು ಒಂದು ಬದಿಗೆ ಉಬ್ಬಿದೆಯೇ, ಮರ ವಾಲಿದೆಯೇ? ಇದ್ದರೆ ಮೋಹ ಬೇಡ, ತೆಗೆಸಿ. ಬುಡ ಗಟ್ಟಿಯಾಗಿದ್ದರೆ ಮೇಲಿನ ಕೊಂಬೆಗಳನ್ನು ಇಳಿಸಿ ಹತ್ತು ಹನ್ನೆರಡು ಅಡಿಯ ಕಂಬ ಉಳಿಸಿಕೊಳ್ಳಬಹುದು. ಮನೆಯಿಂದ, ರಸ್ತೆಯಿಂದ ಅದರ ಎತ್ತರಕ್ಕಿಂತ ಜಾಸ್ತಿ ದೂರ ಇರಲಿ. ಮರ ಕಡಿಯುವ ಮಾತು ಬಂದರೆ, ಅದು ನಿಮ್ಮ ಕಾಂಪೌಂಡಿನೊಳಗೇ ಇದ್ದರೂ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ವೃಕ್ಷಾಧಿಕಾರಿಯನ್ನು ಮೊದಲು ಕೇಳಿ. ತಂತಿಗೆ ತಾಗುವ ಕೊಂಬೆಯನ್ನು ಕರೆಂಟ್ ಕಂಪನಿ ಬೆಸ್ಕಾಂನವರಿಗೆ ಹೇಳದೆ ಮುಟ್ಟಿಸಬೇಡಿ.

ತಲೆ ಹೋದ ತೆಂಗಿನ ಮರ ಮರಕುಟಿಗಕ್ಕೆ ಬಹಳ ಇಷ್ಟ. ಆದರೆ ಪಕ್ಕದಲ್ಲಿ ಜೀವಂತ ತೆಂಗು ಇದ್ದರೆ ಅದನ್ನು ಉಳಿಸಬೇಡಿ ಅನ್ನುವುದೇ ನನ್ನ ಸಲಹೆ. ಕೊಳೆಯುವ ತೆಂಗಿನ ಕಾಂಡದಲ್ಲಿ, ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿ ಮರಿ ಮಾಡಿ ಉಳಿದ ಮರಗಳಿಗೂ ಹೋಗುತ್ತದೆ.

ಪೊಟರೆಗೆ ಸಿಮೆಂಟ್ ತುಂಬಿಸುವ ಹಳೆಯ ಅಭ್ಯಾಸ ಇನ್ನೂ ಇದೆ. ಅದರಿಂದ ಮರ ಗಟ್ಟಿಯಾಗುವುದಿಲ್ಲ. ಸಿಮೆಂಟಿನ ಹಿಂದೆ ನೀರು ನಿಂತು ಒಳಗೇ ಕೊಳೆಯುತ್ತದೆ. ಮೋಟಿನ ತುದಿಗೆ ಟಾರು, ಪೇಂಟ್ ಕೂಡ ಬೇಡ.

ಈಗ ಸಮಯದ ಮಾತು, ಇದು ಬಹಳ ಮುಖ್ಯ. ದಕ್ಷಿಣ ಭಾರತದಲ್ಲಿ ಈ ಹಕ್ಕಿ ಗೂಡು ಮಾಡುವುದು ಫೆಬ್ರವರಿಯಿಂದ ಜುಲೈವರೆಗೆ. ನಾವು ಕೊಂಬೆ ಕಡಿಸುವುದು ಮಾರ್ಚ್‌ನಿಂದ ಮೇವರೆಗೆ, ಮಳೆಗೆ ಮುಂಚೆ. ಅಂದರೆ ಒಳಗೆ ಮೊಟ್ಟೆಯೋ ಮರಿಯೋ ಇರುವಾಗಲೇ! ಈ ಕೆಲಸವನ್ನು ನವೆಂಬರ್‌ನಿಂದ ಜನವರಿಯೊಳಗೆ ಮುಗಿಸಿ. ಬೇಸಿಗೆಯಲ್ಲಿ ಮಾಡಿಸಲೇಬೇಕಾದರೆ, ಮೊದಲು ಬುಡದಲ್ಲಿ ಹೊಸ ಮರದ ಚೂರು ಬಿದ್ದಿದೆಯೇ ನೋಡಿ. ಮೇಲೆ ದುಂಡನೆಯ ತೂತು ಇದ್ದರೆ ದೂರದಲ್ಲಿ ಅರ್ಧ ಗಂಟೆ ಕೂತು, ಹಕ್ಕಿ ಒಳಗೆ ಹೊರಗೆ ಓಡಾಡುತ್ತದೆಯೇ ಗಮನಿಸಿ. ಓಡಾಡಿದರೆ ಆ ಕೊಂಬೆ ಮುಟ್ಟಬೇಡಿ. ಹಕ್ಕಿಯ ಗೂಡು, ಮೊಟ್ಟೆಗೆ ಕೈ ಹಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

5. ಮರವೇ ಇಲ್ಲದ ಮನೆಯವರು

ಮೂರನೇ ಮಹಡಿಯೊಳಗಿದ್ದು, ಬಾಲ್ಕನಿಯ ಹತ್ತಿರ ಯಾವುದಾದರೂ ಮರ ಬಂದಿದ್ದರೆ ಒಂದು ದಿಮ್ಮಿ ನಿಲ್ಲಿಸಿ. ನುಗ್ಗೆ, ಹಾಲುವಾಣ ಇಂಥ ಮೆತ್ತನೆ ಮರದ್ದು, ತೊಗಟೆ ಇರುವುದು, ನಾಲ್ಕಡಿ ಉದ್ದ. ಮಣ್ಣು ತುಂಬಿದ ದೊಡ್ಡ ಕುಂಡದಲ್ಲಿ ನೆಟ್ಟು ಗ್ರಿಲ್ಲಿಗೆ ತಂತಿಯಿಂದ ಬಿಗಿಯಾಗಿ ಕಟ್ಟಿ. ಮಣ್ಣಿನ ತೇವಕ್ಕೆ ಬುಡ ಮೆತ್ತಗಾಗುತ್ತದೆ, ಇರುವೆ ಹತ್ತುತ್ತದೆ. ಗೋಡೆಯಿಂದ, ಬಾಗಿಲ ಚೌಕಟ್ಟಿನಿಂದ ಒಂದಡಿ ದೂರವಿಟ್ಟು, ಗೆದ್ದಲಿನ ಮಣ್ಣಿನ ಗೆರೆ ಆ ಕಡೆ ಹೊರಟಿದೆಯೇ ಅಂತ ಆಗಾಗ ನೋಡುತ್ತಿರಿ. ವಾರ್ನಿಷ್ ಹಚ್ಚಬೇಡಿ. ತೊಗಟೆ ಸಡಿಲವಾಗಿ ಹುಳ ಸೇರಲು ಒಂದೆರಡು ಮಳೆಗಾಲ ಬೇಕು, ಅವಸರ ಮಾಡಿದರೆ ಆಗುವುದಿಲ್ಲ. ಹತ್ತನೇ ಮಹಡಿಯಲ್ಲಿ, ಸುತ್ತ ಮರವಿಲ್ಲದ ಕಡೆ ಇದು ಫಲಿಸುವುದಿಲ್ಲ. ಅಂಥವರು ಅಪಾರ್ಟ್‌ಮೆಂಟ್ ಸಂಘದ ಸಭೆಯಲ್ಲಿ ಕೆಳಗಿನ ಮರದ ಒಣಕೊಂಬೆ ಪರವಾಗಿ ಮಾತಾಡಿದರೆ ಹೆಚ್ಚು ಉಪಯೋಗ.

ಕೊಬ್ಬಿನ ಉಂಡೆ ತುಂಬಿದ ಮರಕುಟಿಗ ಫೀಡರ್ ಚಳಿದೇಶದ ಹಕ್ಕಿಗಳಿಗಾಗಿ ಮಾಡಿದ್ದು. ನಮ್ಮ ಬಿಸಿಲಿಗೆ ಕರಗಿ ಕಮಟು ವಾಸನೆ ಬರುತ್ತದೆ, ಕಾಗೆ ಮತ್ತು ಇಲಿ ಬರುತ್ತವೆ. ಪ್ಲೈವುಡ್ ಗೂಡುಪೆಟ್ಟಿಗೆಯೂ ಮರಕುಟಿಗಕ್ಕೆ ಬೇಡ, ತನ್ನ ಗೂಡನ್ನು ತಾನೇ ಕೊರೆದುಕೊಳ್ಳುವ ಹಕ್ಕಿ ಅದು.

6. ನೀರು, ಗಿಡ

ಅಗಲವಾದ ಮಣ್ಣಿನ ತಟ್ಟೆಯಲ್ಲಿ ಎರಡು ಅಂಗುಲ ನೀರು, ದಿನಾ ಬದಲಾಯಿಸಿ, ಇಲ್ಲದಿದ್ದರೆ ಡೆಂಗಿ ಸೊಳ್ಳೆ. ಜಾಗವಿದ್ದರೆ ಹಾಲುವಾಣದ ಕಡ್ಡಿ ನೆಡಿ. ಬೇಗ ಬರುತ್ತದೆ, ಹೂವಿಗೆ ಹಲವು ಹಕ್ಕಿ ಬರುತ್ತವೆ.

7. ಗೂಡು ಮಾಡಿದರೆ

ಮೊಬೈಲ್‌ನಲ್ಲಿ ಕೂಗು ಹಾಕಿ ಕರೆಯಬೇಡಿ. ಇನ್ನೊಂದು ಹಕ್ಕಿ ತನ್ನ ಜಾಗಕ್ಕೆ ನುಗ್ಗಿತು ಅಂದುಕೊಂಡು ಮೊಟ್ಟೆ ಬಿಟ್ಟು ಹುಡುಕಾಡುತ್ತದೆ. ಗೂಡಿನ ಎದುರೇ ಕ್ಯಾಮೆರಾ ಹಿಡಿದು ನಿಲ್ಲಬೇಡಿ, ವಿಳಾಸವನ್ನು ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕಬೇಡಿ. ಸಾಮಾನ್ಯವಾಗಿ ಮೂರು ಬಿಳಿ ಮೊಟ್ಟೆ. ಸುಮಾರು 11 ದಿನಕ್ಕೆ ಮರಿಯಾಗುತ್ತದೆ, ಮತ್ತೆ 20 ದಿನಕ್ಕೆ ಮರಿ ಹಾರುತ್ತದೆ. ಒಂದು ತಿಂಗಳ ತಾಳ್ಮೆ ಸಾಕು, ಅಲ್ವಾ? ಮರಿ ಹಾರಿದ ಮೇಲೂ ಆ ಕೊಂಬೆ ಇರಲಿ. ಮೈನಾ, ಗಿಳಿ, ಮಡಿವಾಳ ಹಕ್ಕಿಗಳಿಗೆ ಸ್ವಂತವಾಗಿ ಕೊರೆಯಲು ಬರುವುದಿಲ್ಲ, ಮರಕುಟಿಗ ಬಿಟ್ಟ ಪೊಟರೆಯೇ ಅವಕ್ಕೆ ಆಧಾರ.

ಗರಿ ಬಲಿತ ಮರಿ ಕೆಳಗೆ ಕೂತಿದ್ದರೆ ಬೆಕ್ಕಿಗೆ ಸಿಗದಂತೆ ಹತ್ತಿರದ ಕಾಂಡಕ್ಕೆ ಹತ್ತಿಸಿ ದೂರ ಸರಿಯಿರಿ, ತಾಯಿ ತಂದೆ ಬರುತ್ತವೆ. ಗಾಯವಾಗಿದ್ದರೆ ತೂತು ಮಾಡಿದ ರಟ್ಟಿನ ಡಬ್ಬದಲ್ಲಿ ಬಟ್ಟೆ ಹಾಸಿ ಕತ್ತಲಲ್ಲಿಡಿ, ಬಾಯಿಗೆ ನೀರು ಬಿಡಬೇಡಿ, ಕೆಂಗೇರಿ ಬಳಿಯ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆಗೆ ತಲುಪಿಸಿ.