ಅಮೆರಿಕದ ವೋಟಿನ ಹಿಂದಿನ ದಿನ ಮನೆಯವರ ಜೊತೆ ವಾದ ಮಾಡುವುದು ಹೇಗೆ

ನವೆಂಬರ್‌ನಲ್ಲಿ ನಮ್ಮ ಚಿಕ್ಕಮಗಳೂರಿನ ತೋಟಗಳಲ್ಲಿ ಅರೇಬಿಕಾ ಹಣ್ಣಾಗುತ್ತಿರುತ್ತದೆ. ನಾಲ್ಕು ವರ್ಷಕ್ಕೊಮ್ಮೆ ಅದೇ ಹೊತ್ತಿಗೆ ಅಮೆರಿಕದ ಅಧ್ಯಕ್ಷರ ಚುನಾವಣೆಯೂ ಬರುತ್ತದೆ. ಅಲ್ಲೇ ನೆಲೆಸಿ ಪೌರತ್ವ ಪಡೆದ ಅಕ್ಕ, ಭಾವ, ಅವರ ಮಕ್ಕಳು ವಿಡಿಯೋ ಕಾಲ್‌ನಲ್ಲೇ ಎರಡು ಪಕ್ಷ ಆಗುತ್ತಾರೆ, ನೋಡನೋಡುತ್ತಾ ಇಲ್ಲಿ ಕೂತ ನಾವೂ ಆಗುತ್ತೇವೆ.

ಮೊದಲು ಲೆಕ್ಕ ತಿಳಿದುಕೊಳ್ಳಿ. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ದೇಶದಲ್ಲಿ ಜಾಸ್ತಿ ವೋಟು ಪಡೆದವರೇ ಗೆಲ್ಲಬೇಕೆಂದಿಲ್ಲ. ರಾಜ್ಯಗಳ ಪರವಾಗಿ ಅಧ್ಯಕ್ಷರನ್ನು ಆರಿಸುವ ಪ್ರತಿನಿಧಿಗಳು, ಅಂದರೆ ಎಲೆಕ್ಟರ್‌ಗಳು, ಒಟ್ಟು 538. ಗೆಲ್ಲಲು 270 ಬೇಕು. 2016ರಲ್ಲಿ ಹಿಲರಿ ಕ್ಲಿಂಟನ್‌ಗೆ ಟ್ರಂಪ್‌ಗಿಂತ 28 ಲಕ್ಷಕ್ಕೂ ಜಾಸ್ತಿ ವೋಟು ಬಿದ್ದರೂ ಗೆದ್ದದ್ದು ಟ್ರಂಪ್. 48 ರಾಜ್ಯಗಳಲ್ಲಿ ಮುಂದಿದ್ದವರಿಗೇ ಆ ರಾಜ್ಯದ ಎಲ್ಲ ಎಲೆಕ್ಟರ್‌ಗಳೂ ಸಿಗುತ್ತಾರೆ. ಹಾಗಾಗಿ "ಯಾರು ಗೆಲ್ಲುತ್ತಾರೆ" ಅಂತ ಕೂಗಾಡುವ ಬದಲು, ಯಾವ ಕಡೆಗೂ ವಾಲಬಹುದಾದ ಒಂದು ರಾಜ್ಯ ಹಿಡಿದು "ಪೆನ್ಸಿಲ್ವೇನಿಯಾದಲ್ಲಿ ಏನಾಗಬಹುದು" ಅಂತ ಕೇಳಿ, ಮಾತು ತಾನಾಗಿ ತಣ್ಣಗಾಗುತ್ತದೆ.

ಆಮೇಲೆ ಒಂದೇ ಪ್ರಶ್ನೆ: "ನಿನ್ನ ಮನಸ್ಸು ಗಟ್ಟಿ ಮಾಡಿದ್ದು ಯಾವ ವಿಷಯ?" ಕೇಳಿ ಸುಮ್ನೆ ಇರಿ. ವೀಸಾ, ತೆರಿಗೆ, ಆಸ್ಪತ್ರೆ ಖರ್ಚು, ಮಕ್ಕಳ ಶಾಲೆ, ಏನಾದರೂ ಇರುತ್ತದೆ. 2020ರಲ್ಲಿ ನಾನು ಹಾಗೆ ಕೇಳಲಿಲ್ಲ. ಅಕ್ಕನಿಗೆ "ನಿಂಗೇನೂ ಗೊತ್ತಿಲ್ಲ" ಅಂದುಬಿಟ್ಟೆ. ಯುಗಾದಿವರೆಗೂ ಅವಳು ಫೋನ್ ಮಾಡಲಿಲ್ಲ, ಆ ನೋವು ಈಗಲೂ ಇದೆ.

ಹೊತ್ತೂ ನೋಡಿ. ವೋಟಿನ ಹಿಂದಿನ ದಿನ, ಅಲ್ಲಿ ಸೋಮವಾರ ರಾತ್ರಿ ಅಂದರೆ ನಮಗೆ ಮಂಗಳವಾರ ಬೆಳಿಗ್ಗೆ. ದಣಿದವರ ಹತ್ತಿರ ವಾದ ಬೇಡ ಅಲ್ವಾ? ನೀವು ಕಾಫಿ ಕುಡಿದೇ ಕರೆ ಮಾಡಿ, ಮೊದಲು ಊಟ ಆಯ್ತಾ ಅಂತ ಕೇಳಿ.