ಹಳೆಯ ನಿಯತಕಾಲಿಕೆಗಳಿಗಾಗಿ ಬೇರೆ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಲ್ಲಿ: ನನ್ನ ಅನುಭವ

ಕನ್ನಡದ ಆರಂಭಕಾಲದ ನಿಯತಕಾಲಿಕೆಗಳನ್ನು ಪಿಎಚ್.ಡಿ. ಸಂಶೋಧನೆಗೆ ಆರಿಸಿಕೊಂಡಾಗಲೇ, ನನ್ನ ವಿಶ್ವವಿದ್ಯಾಲಯದ ಗ್ರಂಥಾಲಯವೊಂದರಿಂದ ಕೆಲಸ ಸಾಗದೆಂಬುದು ಸ್ಪಷ್ಟವಾಗಿತ್ತು. 1896ರಲ್ಲಿ ಧಾರವಾಡದಲ್ಲಿ ಆರಂಭವಾದ ‘ವಾಗ್ಭೂಷಣ’, 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘ ಹೊರತಂದ ‘ಪ್ರಬುದ್ಧ ಕರ್ಣಾಟಕ’, 1926ರಲ್ಲಿ ಫ. ಗು. ಹಳಕಟ್ಟಿಯವರು ಆರಂಭಿಸಿದ ‘ಶಿವಾನುಭವ’ ಇವುಗಳ ಎಲ್ಲ ಸಂಪುಟಗಳೂ ಒಂದೇ ಕಡೆ ಸಿಗಬೇಕೆಂದು ಬಯಸುವುದು ಅತಿಯಾಸೆಯೇ ಸರಿ.

ಯಾವ ಸಂಪುಟ ಎಲ್ಲಿದೆ ಎಂಬುದನ್ನು ಪತ್ತೆ ಮಾಡಲು ನನಗೆ ಹೆಚ್ಚು ನೆರವಾದದ್ದು ಇನ್‌ಫ್ಲಿಬ್‌ನೆಟ್ (ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಜೋಡಿಸುವ ಕೇಂದ್ರ) ನಡೆಸುವ ಶೋಧಗಂಗಾ ಎಂಬ, ಪಿಎಚ್.ಡಿ. ಪ್ರಬಂಧಗಳ ಅಂತರಜಾಲ ಭಂಡಾರ. ಪ್ರಬಂಧಗಳ ವಿದ್ಯುನ್ಮಾನ ಪ್ರತಿ ಸಲ್ಲಿಸಬೇಕೆಂದು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2009ರಲ್ಲಿ ನಿಯಮ ಮಾಡಿದ್ದರಿಂದ, ನನ್ನ ವಿಷಯಕ್ಕೆ ಹತ್ತಿರವಾದ ಹಲವು ಪ್ರಬಂಧಗಳು ಅಲ್ಲಿದ್ದವು. ಅವುಗಳಲ್ಲಿ ನಾನು ಮೊದಲು ಓದುತ್ತಿದ್ದುದು ಕೃತಜ್ಞತೆಯ ಪುಟವನ್ನು. ಸಂಶೋಧಕರು ತಮಗೆ ಒದಗಿಬಂದ ಗ್ರಂಥಾಲಯಗಳ ಹೆಸರನ್ನು ಅಲ್ಲಿ ಸಾಮಾನ್ಯವಾಗಿ ಬರೆದಿರುತ್ತಾರೆ. ಎಷ್ಟೋ ಸಲ ಗ್ರಂಥಾಲಯದ ಸೂಚಿಗಿಂತ ಆ ಪುಟವೇ ಹೆಚ್ಚು ತಿಳಿಸುತ್ತದೆ. ಆನಂತರವಷ್ಟೇ ಆಯಾ ಗ್ರಂಥಾಲಯದ ಗಣಕೀಕೃತ ಸೂಚಿಯಾದ ಓಪ್ಯಾಕ್‌ನಲ್ಲಿ ಹುಡುಕುತ್ತಿದ್ದೆ. ಕನ್ನಡ ಶೀರ್ಷಿಕೆಗಳನ್ನು ರೋಮನ್ ಲಿಪಿಯಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ದಾಖಲಿಸಿರುವುದರಿಂದ, ಹ್ರಸ್ವ, ದೀರ್ಘ, ಮಹಾಪ್ರಾಣಗಳನ್ನು ಬದಲಿಸಿ ನೋಡದೆ ‘ಇಲ್ಲ’ ಎಂದು ತೀರ್ಮಾನಿಸಬಾರದು.

ಮೈಸೂರಿನ ಮಾನಸಗಂಗೋತ್ರಿಗಾಗಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕಾಗಲಿ ಹೊರಡುವ ಮುನ್ನ, ಮಾರ್ಗದರ್ಶಕರಿಂದ ಪರಿಚಯ ಪತ್ರ ಪಡೆದು, ಅದಕ್ಕೆ ನಮ್ಮ ಗ್ರಂಥಪಾಲಕರ ಸಹಿ ಮತ್ತು ಮೊಹರು ಹಾಕಿಸಿಕೊಳ್ಳುತ್ತಿದ್ದೆ. ‘ಸಂಶೋಧನೆಗಾಗಿ ಅನುಮತಿ ನೀಡಬೇಕು’ ಎಂಬ ಒಂದು ಸಾಲಿನ ಪತ್ರಕ್ಕಿಂತ, ಬೇಕಾದ ಪತ್ರಿಕೆಯ ಹೆಸರು, ಸಂಪುಟ, ವರ್ಷಗಳನ್ನು ನಮೂದಿಸಿದ ಪತ್ರಕ್ಕೆ ಬೆಲೆ ಹೆಚ್ಚು. ಅದನ್ನು ನೋಡಿದ ಸಿಬ್ಬಂದಿ ನೇರವಾಗಿ ಬೈಂಡ್ ಮಾಡಿದ ಸಂಪುಟಗಳಿರುವ ಕಪಾಟಿನತ್ತ ನಡೆಯುತ್ತಾರೆ. ಹೋಗುವ ದಿನ ಆ ವಿಭಾಗ ತೆರೆದಿರುತ್ತದೆಯೇ, ದಿನದ ಶುಲ್ಕ ಅಥವಾ ತಾತ್ಕಾಲಿಕ ಸದಸ್ಯತ್ವ ಬೇಕೇ ಎಂಬುದನ್ನು ದೂರವಾಣಿಯಲ್ಲಿ ಕೇಳಿಕೊಳ್ಳುವುದು ಒಳ್ಳೆಯದು.

ಹೊರಗಿನವರಿಗೆ ಸಾಮಾನ್ಯವಾಗಿ ಅಲ್ಲೇ ಕುಳಿತು ಓದಲು ಮಾತ್ರ ಅವಕಾಶವಿರುತ್ತದೆ. ಮುಟ್ಟಿದರೆ ಪುಡಿಯಾಗುವ ಹಾಳೆಗಳನ್ನು ಜೆರಾಕ್ಸ್ ಯಂತ್ರದ ಮೇಲೆ ಒತ್ತಿ ಹಿಡಿಯಲು ಒಪ್ಪದಿರುವುದೂ ನ್ಯಾಯವೇ. ಅಂಥ ಕಡೆ ಅನುಮತಿ ಕೇಳಿ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದೆ. ಪ್ರತಿ ಲೇಖನಕ್ಕೂ ಮೊದಲು ಆ ಸಂಚಿಕೆಯ ಮುಖಪುಟದ ಚಿತ್ರ ತೆಗೆಯುವುದನ್ನು ರೂಢಿ ಮಾಡಿಕೊಂಡಿದ್ದರಿಂದ, ಅಡಿಟಿಪ್ಪಣಿ ಬರೆಯುವಾಗ ಯಾವ ಪುಟ ಯಾವ ಸಂಚಿಕೆಯದೆಂದು ತಡಕಾಡಬೇಕಾಗಲಿಲ್ಲ. ಸಂಶೋಧನೆಗಾಗಿ ನ್ಯಾಯಯುತ ಬಳಕೆಗೆ 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮಿನಲ್ಲಿ ಅವಕಾಶವಿದೆಯಾದರೂ, ಇಡೀ ಸಂಪುಟವನ್ನು ನಕಲಿಸಿಕೊಳ್ಳಲು ಅದನ್ನು ನೆಪ ಮಾಡಿಕೊಳ್ಳಬಾರದು.

ಎಲ್ಲದಕ್ಕೂ ಪ್ರಯಾಣ ಬೇಕಿಲ್ಲ. ದೆಹಲಿಯ ಗ್ರಂಥಾಲಯ ಜಾಲವಾದ ಡೆಲ್‌ನೆಟ್‌ಗೆ ನಮ್ಮ ಗ್ರಂಥಾಲಯ ಸದಸ್ಯವಾಗಿದ್ದರೆ, ಸಾಮಾನ್ಯ ಪುಸ್ತಕಗಳನ್ನು ಅಂತರ ಗ್ರಂಥಾಲಯ ಎರವಲು ಸೇವೆಯ ಮೂಲಕ ಕೇಳಬಹುದು. ವಿದ್ಯಾರ್ಥಿ ನೇರವಾಗಿ ಬರೆದರೆ ಅದು ನಡೆಯದು. ಕೋರಿಕೆ ನಮ್ಮ ಗ್ರಂಥಪಾಲಕರ ಮೂಲಕವೇ ಹೋಗಬೇಕು. ಅಪರೂಪದ ಪತ್ರಿಕಾ ಸಂಪುಟಗಳನ್ನು ಮಾತ್ರ ಯಾರೂ ಅಂಚೆಗೆ ಹಾಕಲು ಒಪ್ಪುವುದಿಲ್ಲ, ಅವುಗಳಿಗೆ ನಾವೇ ಹೋಗಬೇಕು.